ದೇವರು ಸರ್ವಶಕ್ತ, ದಯಾಮಯ ಅಂದಮೇಲೆ ಕೇಡು ಯಾಕೆ? ‘ಅವರವರ ಕರ್ಮ’ ಎಂಬ ಉತ್ತರ ಎಷ್ಟು ಭಾರ ಹೊರುತ್ತದೆ?

ನಾಲೆಏರಿ (ಮಂಡ್ಯ):

ಮಂಡ್ಯದ ಒಂದು ಚಿಕ್ಕ ಓದುಬಳಗದಲ್ಲಿ ಬರುವ ಶನಿವಾರ ಈ ವಿಷಯ ಚರ್ಚೆಗೆ ಇದೆ. ಹನ್ನೆರಡು ಜನ, ಒಂದೂವರೆ ಗಂಟೆ. ಶ್ರೀವೈಷ್ಣವರು (ರಾಮಾನುಜರ ಕಡೆಯವರು), ಮಾಧ್ವರು (ಮಧ್ವರ ಕಡೆಯವರು), ಸ್ಮಾರ್ತರು (ಶಂಕರರ ಕಡೆಯವರು) ಇದ್ದಾರೆ. ಒಬ್ಬರು ಕ್ರೈಸ್ತರು, ಒಬ್ಬರು ಮುಸ್ಲಿಮರು, ಒಬ್ಬರು ಜೈನರು. ಎಲ್ಲರೂ ಓದಿಕೊಂಡವರೇ, ಆದರೆ ತತ್ತ್ವಶಾಸ್ತ್ರವನ್ನು ಕ್ರಮವಾಗಿ ಕಲಿತವರಲ್ಲ.

ಮೂರು ಕಡೆ ತೊಡಕಿದೆ.

ಒಂದು: 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಈ ಜಿಲ್ಲೆಯಲ್ಲಿ ಕೂತು ಈ ಪ್ರಶ್ನೆ ಎತ್ತಿದರೆ ಯಾರಾದರೊಬ್ಬರು ಆ ದಿನದ ಮಾತು ತೆಗೆದೇ ತೆಗೆಯುತ್ತಾರೆ. ಇನ್ನೊಬ್ಬರು ‘ಅವರವರ ಕರ್ಮ’ ಅನ್ನುತ್ತಾರೆ. ಹಾಗನ್ನುವುದು ತಪ್ಪು ಅಂತ ಮನಸ್ಸು ಹೇಳುತ್ತದೆ. ಆದರೆ ಮನಸ್ಸು ಹೇಳಿದರೆ ಸಾಲದು. ಯಾಕೆ ತಪ್ಪು ಎಂದು ಶಾಸ್ತ್ರದ ಒಳಗಿನಿಂದಲೇ ತೋರಿಸಲು ಆಗಬೇಕು.

ಎರಡು: ಅವನಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ಅನ್ನುತ್ತೇವೆ. ಹಾಗಿದ್ದರೆ ಕೊಲೆಗಾರನ ಕೈಯನ್ನು ಅಲ್ಲಾಡಿಸಿದವರು ಯಾರು?

ಮೂರು: ನಾಳೆ ನಾನು ಏನು ಮಾಡುತ್ತೇನೆಂದು ದೇವರಿಗೆ ಈಗಲೇ ಗೊತ್ತಿದ್ದರೆ, ನಾನು ಬೇರೆಯದನ್ನು ಮಾಡಲು ಸಾಧ್ಯವೇ?

ಭಕ್ತಿಯ ಮಾತಾಗಲಿ ನಾಸ್ತಿಕವಾದವಾಗಲಿ ಈಗ ಬೇಡ. ಯಾವ ವಾದ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಬೇಕು.


ಯದುಗಿರಿ (ಮೇಲುಕೋಟೆ):

ಇದು ಪಶ್ಚಿಮದಿಂದ ಬಂದ ಪ್ರಶ್ನೆ, ನಮ್ಮಲ್ಲಿ ಯಾರೂ ಕೇಳಿರಲಿಲ್ಲ ಎಂದು ಯಾರಾದರೂ ಶುರುಮಾಡಿದರೆ ಅಲ್ಲೇ ತಡೆಯಿರಿ. ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರದಲ್ಲಿ ಇದಕ್ಕೆಂದೇ ಒಂದು ಅಧಿಕರಣ (ಒಂದು ವಿಷಯದ ಚರ್ಚೆಗೆ ಮೀಸಲಾದ ಭಾಗ) ಇದೆ. ಶಂಕರಭಾಷ್ಯದ ಎಣಿಕೆಯಲ್ಲಿ 2.1.34: ‘ವೈಷಮ್ಯನೈರ್ಘೃಣ್ಯೇ ನ ಸಾಪೇಕ್ಷತ್ವಾತ್ ತಥಾ ಹಿ ದರ್ಶಯತಿ’. ಬೇರೆ ಭಾಷ್ಯಗಳಲ್ಲಿ ಸಂಖ್ಯೆ ಸ್ವಲ್ಪ ಹಿಂದೆಮುಂದೆ ಆಗುತ್ತದೆ, ಆದ್ದರಿಂದ ಸೂತ್ರದ ಮೊದಲ ಪದ ಹಿಡಿದು ಹುಡುಕಿ. ಆಕ್ಷೇಪ ಮೊದಲ ಪದದಲ್ಲೇ ಇದೆ. ವೈಷಮ್ಯ ಅಂದರೆ ಒಬ್ಬನಿಗೊಂದು, ಇನ್ನೊಬ್ಬನಿಗೊಂದು ಮಾಡುವ ಪಕ್ಷಪಾತ. ನೈರ್ಘೃಣ್ಯ ಅಂದರೆ ಕರುಣೆ ಇಲ್ಲದಿರುವುದು. ಇವು ಎರಡು ಬೇರೆ ದೂರುಗಳು. ಇದನ್ನು ಬಳಗದವರಿಗೆ ಮೊದಲೇ ಹೇಳಿಬಿಡಿ. ಚರ್ಚೆ ಕೆಡುವುದು ಹೆಚ್ಚಾಗಿ ಇಲ್ಲೇ: ಪಕ್ಷಪಾತಕ್ಕೆ ಕೊಟ್ಟ ಉತ್ತರವನ್ನು ಕರುಣೆಯ ಪ್ರಶ್ನೆಗೂ ಕೊಟ್ಟಾಯಿತು ಅಂದುಕೊಳ್ಳುತ್ತಾರೆ.

ಸೂತ್ರದ ಉತ್ತರ ‘ಸಾಪೇಕ್ಷತ್ವಾತ್’: ದೇವರು ಜೀವರ ಕರ್ಮವನ್ನು ನೋಡಿಕೊಂಡು ಸೃಷ್ಟಿಸುತ್ತಾನೆ. ಶಂಕರರು ಕೊಡುವ ಹೋಲಿಕೆ ಮಳೆಯದು. ಮಳೆ ಎಲ್ಲ ಬೀಜಕ್ಕೂ ಸಮಾನ ಕಾರಣ. ಭತ್ತ ಭತ್ತವಾಗುವುದು, ಜವೆ ಜವೆಯಾಗುವುದು ಆಯಾ ಬೀಜದ ಗುಣದಿಂದ. ನಮ್ಮ ಕಡೆ ಇದನ್ನು ಕನ್ನಂಬಾಡಿ ನೀರಿನಲ್ಲೇ ಹೇಳಬಹುದು. ಅದೇ ನಾಲೆ, ಅದೇ ತೂಬು; ಒಂದು ಬಯಲಲ್ಲಿ ಭತ್ತ, ಪಕ್ಕದಲ್ಲಿ ಕಬ್ಬು, ಬದುವಿನ ಮೇಲೆ ಕಳೆ. ಕಳೆ ಬೆಳೆಯಿತೆಂದು ಯಾರೂ ನೀರನ್ನು ಬಯ್ಯುವುದಿಲ್ಲ.

ಪಕ್ಷಪಾತದ ದೂರಿಗೆ ಈ ಹೋಲಿಕೆ ಸಾಕು. ಕರುಣೆಯ ದೂರಿಗೆ ಸಾಲದು, ಯಾಕೆಂದರೆ ನೀರಿಗೆ ಅರಿವಿಲ್ಲ, ದೇವರಿಗೆ ಇದೆ. ನೀರಿನ ಜಾಗದಲ್ಲಿ ನೀರುಗಂಟಿಯನ್ನು ಇಟ್ಟು ನೋಡಿ. ಸರದಿ ಬಲ್ಲವನು, ಯಾವ ಗದ್ದೆ ತಗ್ಗಿನಲ್ಲಿದೆ ಎಂದು ತಿಳಿದವನು. ಆಗ ಪ್ರಶ್ನೆ ತಿರುಗಿ ಬರುತ್ತದೆ: ಕೊಳೆಯುವ ಗದ್ದೆಗೂ ಯಾಕೆ ನೀರು ಬಿಟ್ಟ?

ಮುಂದಿನ ಸೂತ್ರ ‘ನ ಕರ್ಮಾವಿಭಾಗಾದಿತಿ ಚೇನ್ನಾನಾದಿತ್ವಾತ್’. ಮೊಟ್ಟಮೊದಲ ಸೃಷ್ಟಿಯಲ್ಲಿ ಕರ್ಮವೇ ಇರಲಿಲ್ಲವಲ್ಲ, ಆಗ ವ್ಯತ್ಯಾಸ ಎಲ್ಲಿಂದ ಬಂತು ಎಂಬುದು ಆಕ್ಷೇಪ. ಮೊದಲು ಎಂಬುದೇ ಇಲ್ಲ, ಸಂಸಾರ ಅನಾದಿ, ಬೀಜ ಮೊಳಕೆಗಳ ಹಾಗೆ ಎಂಬುದು ಉತ್ತರ. ಇದು ಬರೀ ನುಣುಚಿಕೊಳ್ಳುವ ಮಾತಲ್ಲ. ಸಂಸಾರಕ್ಕೆ ಆದಿ ಇದೆಯೆಂದರೆ ಮಾಡದ ಕರ್ಮದ ಫಲ ಮೈಮೇಲೆ ಬಂತು ಎಂದಾಗುತ್ತದೆ. ಕಾರಣವಿಲ್ಲದೆ ಒಮ್ಮೆ ಶುರುವಾದದ್ದು ಮುಕ್ತರಾದವರಿಗೂ ಮತ್ತೆ ಶುರುವಾಗಬಹುದು. ಶಂಕರರು ಇದೇ ಕಾರಣ ಕೊಡುತ್ತಾರೆ. ಆದರೂ ಒಂದು ಎಳೆ ಉಳಿಯುತ್ತದೆ. ಪ್ರತಿಯೊಂದು ಕೊಂಡಿಗೂ ಹಿಂದಿನ ಕೊಂಡಿ ಕಾರಣ ಸರಿ, ಇಂಥದೊಂದು ಸರಪಳಿಯೇ ಯಾಕಿರಬೇಕು ಎಂಬುದಕ್ಕೆ ಅನಾದಿ ಎಂಬ ಮಾತು ಉತ್ತರ ಕೊಡುವುದಿಲ್ಲ. ಬಳಗದಲ್ಲಿ ಅದನ್ನು ಮುಚ್ಚಿಡಬೇಡಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ಎರಡನೇ ಅಧ್ಯಾಯದ ಮೂರನೇ ಪಾದಕ್ಕೆ ಹೋಗಬೇಕು. ಮೂರು ಸೂತ್ರಗಳನ್ನು ಒಟ್ಟಿಗೆ ಓದಿ. ‘ಕರ್ತಾ ಶಾಸ್ತ್ರಾರ್ಥವತ್ತ್ವಾತ್’: ಜೀವ ಕರ್ತೃವೇ, ಇಲ್ಲದಿದ್ದರೆ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುವ ಶಾಸ್ತ್ರಕ್ಕೆ ಅರ್ಥವಿಲ್ಲ. ‘ಪರಾತ್ತು ತಚ್ಛ್ರುತೇಃ’: ಆದರೆ ಆ ಕರ್ತೃತ್ವ ಪರಮಾತ್ಮನಿಂದ ಬಂದದ್ದು. ‘ಕೃತಪ್ರಯತ್ನಾಪೇಕ್ಷಸ್ತು ವಿಹಿತಪ್ರತಿಷಿದ್ಧಾವೈಯರ್ಥ್ಯಾದಿಭ್ಯಃ’: ಜೀವ ಮಾಡಿದ ಪ್ರಯತ್ನವನ್ನು ನೋಡಿಕೊಂಡೇ ಅವನು ಮಾಡಿಸುತ್ತಾನೆ, ಹಾಗಿಲ್ಲದಿದ್ದರೆ ವಿಧಿನಿಷೇಧಗಳೆಲ್ಲ ವ್ಯರ್ಥ.

ಮೂರನೆಯ ಸೂತ್ರಕ್ಕೆ ರಾಮಾನುಜರು ಕೊಡುವ ಹೋಲಿಕೆ ಇಡೀ ಚರ್ಚೆಯ ಬೆನ್ನೆಲುಬು ಎಂದು ನನ್ನ ಎಣಿಕೆ. ಇಬ್ಬರಿಗೆ ಸೇರಿದ ಸ್ವತ್ತನ್ನು ಒಬ್ಬನು ಮೂರನೆಯವನಿಗೆ ಕೊಡಬೇಕಾದರೆ ಇನ್ನೊಬ್ಬನ ಅನುಮತಿ ಬೇಕು. ಅನುಮತಿ ಸಿಕ್ಕ ಮೇಲೂ ಕೊಟ್ಟವನು ಮೊದಲನೆಯವನೇ, ಅದರ ಫಲವೂ ಅವನದೇ. ಜಂಟಿ ಖಾತೆಯ ಜಮೀನು ಅಂದರೆ ಮಂಡ್ಯದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕ್ರಯಕ್ಕೆ ಅಣ್ಣನ ಸಹಿ ಇಲ್ಲದೆ ಆಗದು. ಆದರೆ ಮಾರಬೇಕೆಂದು ಹೊರಟವನು, ಬೆಲೆ ಮಾತಾಡಿದವನು ತಮ್ಮ. ಮೊದಲ ಹೆಜ್ಜೆಯಲ್ಲಿ ದೇವರು ನೋಡುತ್ತ ಸುಮ್ಮನಿರುತ್ತಾನೆ, ಎರಡನೆಯದರಲ್ಲಿ ಅನುಮತಿ ಕೊಡುತ್ತಾನೆ, ಆಮೇಲೆ ಫಲ ಕೊಡುತ್ತಾನೆ. ಹುಲ್ಲುಕಡ್ಡಿ ಅವನಿಲ್ಲದೆ ಅಲ್ಲಾಡದು ಎಂಬುದೂ ಉಳಿಯಿತು, ಕೊಲೆ ಕೊಲೆಗಾರನದೇ ಎಂಬುದೂ ಉಳಿಯಿತು.

ಕೌಷೀತಕಿ ಉಪನಿಷತ್ತಿನ ಒಂದು ವಾಕ್ಯವನ್ನು ಯಾರಾದರೂ ಎದುರು ಹಾಕಬಹುದು: ಯಾರನ್ನು ಮೇಲಕ್ಕೆ ಒಯ್ಯಬೇಕೆಂದಿದ್ದಾನೋ ಅವರಿಂದ ಒಳ್ಳೆಯದನ್ನು ಮಾಡಿಸುತ್ತಾನೆ, ಯಾರನ್ನು ಕೆಳಕ್ಕೆ ತಳ್ಳಬೇಕೆಂದಿದ್ದಾನೋ ಅವರಿಂದ ಕೆಟ್ಟದ್ದನ್ನು ಮಾಡಿಸುತ್ತಾನೆ. ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ ಎಂದು ರಾಮಾನುಜರು ಸ್ಪಷ್ಟವಾಗಿ ಹೇಳುತ್ತಾರೆ. ತಾವಾಗಿಯೇ ಗಟ್ಟಿಯಾಗಿ ಒಂದು ಕಡೆ ತಿರುಗಿಬಿಟ್ಟವರ ವಿಷಯದಲ್ಲಿ ಮಾತ್ರ ದೇವರು ಆ ರುಚಿಯನ್ನು ಬೆಳೆಸುತ್ತಾನೆ. ಗೀತೆಯ 10.10 ಮತ್ತು 16.19 ಇದಕ್ಕೆ ಆಧಾರ.

ಇನ್ನು ‘ಅವರವರ ಕರ್ಮ’. ಇದು ಯಾಕೆ ತಪ್ಪು ಅಂದರೆ ಸಿದ್ಧಾಂತ ಕಾರಣದಿಂದ ಫಲಕ್ಕೆ ಹೋಗುತ್ತದೆ; ಹೀಗನ್ನುವವರು ಫಲದಿಂದ ಕಾರಣಕ್ಕೆ ಹಿಂದಕ್ಕೆ ಓಡುತ್ತಾರೆ. ಕರ್ಮಕ್ಕೆ ಫಲವಿದೆ ಎಂಬುದರಿಂದ ‘ಈ ನೋವು ಆ ಮಗುವಿನ ಇಂಥ ಕರ್ಮದ್ದು’ ಎಂದು ತಿಳಿಯುವ ದಾರಿ ಯಾರಿಗೂ ಸಿಗುವುದಿಲ್ಲ. ಗೀತೆ 4.17 ‘ಗಹನಾ ಕರ್ಮಣೋ ಗತಿಃ’ ಎನ್ನುತ್ತದೆ. ಯೋಗಸೂತ್ರ 2.13ರ ವ್ಯಾಸಭಾಷ್ಯ ಕರ್ಮದ ಲೆಕ್ಕವನ್ನು ಪುಟಗಟ್ಟಲೆ ಬಿಡಿಸಿ, ಕೊನೆಗೆ ಅದರ ಗತಿ ವಿಚಿತ್ರ, ತಿಳಿಯಲು ಕಷ್ಟ ಎಂದು ನಿಲ್ಲಿಸುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಮೂರನೇ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ: ಆಯುಸ್ಸೆಲ್ಲ ಮೊದಲೇ ಗೊತ್ತುಮಾಡಿದ್ದಾದರೆ ಔಷಧ ಯಾಕೆ, ಹಾವನ್ನು ಕಂಡು ದೂರ ಸರಿಯುವುದು ಯಾಕೆ? ದೈವ, ಪುರುಷಕಾರ (ಮನುಷ್ಯನ ಪ್ರಯತ್ನ) ಎರಡೂ ಸೇರಿ ಆಯುಸ್ಸು ಎಂಬುದು ಅಲ್ಲಿಯ ತೀರ್ಮಾನ.

ಮೇಲಿನ ಸೂತ್ರದ ‘ವಿಹಿತಪ್ರತಿಷಿದ್ಧ’ (ಮಾಡು ಎಂದದ್ದು, ಬೇಡ ಎಂದದ್ದು) ಎಂಬ ಪದವನ್ನು ಇಲ್ಲಿಗೂ ತನ್ನಿ. ನೀರಿಗೆ ಬಿದ್ದವರನ್ನು ಎತ್ತುವುದು ವಿಹಿತ. ಅವರ ಕರ್ಮವೆಂದು ದಡದಲ್ಲಿ ನಿಂತರೆ ಆ ವಿಧಿ ವ್ಯರ್ಥವಾಯಿತು. ಅಂದರೆ ಆ ಮಾತನ್ನು ಆಡುವವರು ಕರ್ಮಸಿದ್ಧಾಂತವನ್ನು ಎತ್ತಿಹಿಡಿಯುತ್ತಿಲ್ಲ, ಅದರ ಬುಡವನ್ನೇ ಕಡಿಯುತ್ತಿದ್ದಾರೆ.


ಒಂಟಿಕೊಪ್ಪಲು (ಮೈಸೂರು):

ಯದುಗಿರಿ ಅವರು ಸೂತ್ರದ ಕಡೆಯನ್ನು ಪೂರ್ತಿ ಹೇಳಿದ್ದಾರೆ. ನಾನು ತರ್ಕದ ಕಡೆ ಹಿಡಿಯುತ್ತೇನೆ.

‘ದೇವರು ಸರ್ವಶಕ್ತ, ದೇವರು ಪೂರ್ಣವಾಗಿ ಒಳ್ಳೆಯವನು, ಕೇಡು ಇದೆ.’ ಈ ಮೂರು ವಾಕ್ಯ ಬೋರ್ಡಿನ ಮೇಲೆ ಬರೆದ ಕೂಡಲೇ ವಿರೋಧ ಕಂಡಂತೆ ಅನ್ನಿಸುತ್ತದೆ. ಆದರೆ ಈ ಮೂರರಿಂದಷ್ಟೇ ವಿರೋಧ ಹುಟ್ಟುವುದಿಲ್ಲ. 1955ರಲ್ಲಿ ಈ ವಾದವನ್ನು ಗಟ್ಟಿಯಾಗಿ ಕಟ್ಟಿದ ನಾಸ್ತಿಕ ತತ್ತ್ವಜ್ಞ ಜೆ.ಎಲ್. ಮ್ಯಾಕಿ ಅದನ್ನು ಒಪ್ಪಿ ಇನ್ನೆರಡು ವಾಕ್ಯ ಸೇರಿಸುತ್ತಾನೆ: ಒಳ್ಳೆಯವನು ತನ್ನ ಕೈಲಾದಷ್ಟೂ ಕೇಡನ್ನು ತೊಲಗಿಸುತ್ತಾನೆ, ಸರ್ವಶಕ್ತನ ಕೈಲಾಗದ್ದು ಯಾವುದೂ ಇಲ್ಲ. ಆದ್ದರಿಂದ ಐದೂ ವಾಕ್ಯ ಬರೆಯಿರಿ. ಪ್ರತಿಯೊಂದು ಮತವೂ ಈ ಐದರಲ್ಲಿ ಯಾವುದೋ ಒಂದನ್ನು ಸಡಿಲಿಸುತ್ತದೆ, ಯಾವುದನ್ನು ಎಂದು ಹೇಳಿಸಿದರೆ ಅರ್ಧ ಕೆಲಸ ಮುಗಿಯಿತು.

ಆಸ್ತಿಕ ತತ್ತ್ವಜ್ಞ ಅಲ್ವಿನ್ ಪ್ಲಾಂಟಿಂಗ 1974ರಲ್ಲಿ ಕೊಟ್ಟ ಉತ್ತರ ಐದನೆಯ ವಾಕ್ಯವನ್ನು ಸಡಿಲಿಸುತ್ತದೆ. ನಿಜವಾಗಿ ಸ್ವತಂತ್ರನಾದವನು ಒಳ್ಳೆಯದನ್ನೇ ಆರಿಸಿಕೊಳ್ಳುವಂತೆ ಮಾಡಿಬಿಡುವುದು ಎಂಬುದರಲ್ಲೇ ಸ್ವವಿರೋಧ ಇದೆ. ಮಾಡಿಬಿಟ್ಟರೆ ಅವನು ಸ್ವತಂತ್ರನಲ್ಲ. ಯಾವಾಗಲೂ ತಾನಾಗಿಯೇ ಒಳ್ಳೆಯದನ್ನು ಆರಿಸಿಕೊಳ್ಳುವವರನ್ನಷ್ಟೇ ಯಾಕೆ ಸೃಷ್ಟಿಸಬಾರದಿತ್ತು ಎಂಬುದು ಮ್ಯಾಕಿಯ ಸವಾಲು. ಅಂಥವರು ಯಾರೂ ಇಲ್ಲದಿರುವ ಸಾಧ್ಯತೆ ಇದೆ, ಯಾರನ್ನು ಸೃಷ್ಟಿಸಿದರೂ ಒಮ್ಮೆಯಾದರೂ ತಾವಾಗಿ ತಪ್ಪುವವರೇ ಆಗಿರಬಹುದು ಎಂಬುದು ಪ್ಲಾಂಟಿಂಗನ ಮಾತು. ಗಮನಿಸಿ, ‘ಸಾಧ್ಯ’ ಎಂದಷ್ಟೇ ಅವನು ಹೇಳುವುದು. ಆರೋಪಿಯ ಪರ ವಕೀಲ ಅಪರಾಧ ನಡೆದದ್ದು ಹೇಗೆಂದು ತೋರಿಸಬೇಕಾಗಿಲ್ಲ, ತನ್ನ ಕಕ್ಷಿದಾರ ಮಾಡಿರದೆಯೂ ಹೀಗೆ ಆಗಿರಬಹುದು ಎಂದು ತೋರಿಸಿದರೆ ಸಾಕು. ಈ ಬಗೆಯ ಸಮರ್ಥನೆಯನ್ನು ಹಿಡಿದು, ಮಗು ಸತ್ತ ಮನೆಯಲ್ಲಿ ‘ಕಾರಣ ಇದು’ ಎಂದು ವಿವರಿಸ ಹೊರಟರೆ ಅದು ಆ ವಾದದ ದುರ್ಬಳಕೆ.

ಒಂದು ಎಚ್ಚರಿಕೆ. ‘ಸ್ವವಿರೋಧವಾದದ್ದನ್ನು ದೇವರೂ ಮಾಡಲಾರ’ ಎಂಬ ಮೆಟ್ಟಿಲು ನಮ್ಮವರಿಗೆ ಸುಲಭವಾಗಿ ದಕ್ಕುವುದಿಲ್ಲ. ಕರ್ತುಂ, ಅಕರ್ತುಂ, ಅನ್ಯಥಾಕರ್ತುಂ ಸಮರ್ಥ (ಮಾಡಲು, ಮಾಡದಿರಲು, ಬೇರೆ ರೀತಿ ಮಾಡಲು ಬಲ್ಲವನು) ಎನ್ನುವ ಮಾತು ನಮ್ಮ ಕಿವಿಯಲ್ಲಿದೆ. ‘ಅಘಟಿತ ಘಟನೆ’ಯೂ (ಆಗದ್ದನ್ನು ಆಗಿಸುವುದು) ಇದೆ. ಬಳಗದ ಮಾಧ್ವರು ಇಲ್ಲಿ ತಡೆಯುತ್ತಾರೆ, ತಡೆಯಬೇಕಾದ್ದೇ.

ನಾಲೆಯ ದುರಂತಕ್ಕೆ ಸ್ವಾತಂತ್ರ್ಯದ ಉತ್ತರ ಎಷ್ಟು ದೂರ ಹೋಗುತ್ತದೆ? ರಸ್ತೆಯ ಅಂಚು, ತಡೆಗೋಡೆ, ವಾಹನ, ವೇಗ, ಇವೆಲ್ಲ ಮನುಷ್ಯರ ತೀರ್ಮಾನಗಳು, ಅಲ್ಲಿಯವರೆಗೆ ಹೋಗುತ್ತದೆ. ಆದರೆ ತೀರ್ಮಾನ ಒಬ್ಬರದು, ನೀರು ಕುಡಿದವರು ಇನ್ನೊಬ್ಬರು. ನನ್ನ ಸ್ವಾತಂತ್ರ್ಯಕ್ಕೆ ಬೆಲೆಯಿದೆ ಸರಿ, ಆ ಬೆಲೆಯನ್ನು ಇನ್ನೊಂದು ಮಗು ಯಾಕೆ ತೆರಬೇಕು? ಪಶ್ಚಿಮದವರು ಎಡವುವುದು ಇಲ್ಲಿ. ಕರ್ಮವಾದಿಗಳು ಇಲ್ಲಿ ಎಡವುವುದಿಲ್ಲ, ಆದರೆ ಯದುಗಿರಿಯವರು ಹೇಳಿದ ಹಾಗೆ ಕ್ರೌರ್ಯಕ್ಕೆ ಜಾರುತ್ತಾರೆ.

ಯಾರ ತೀರ್ಮಾನವೂ ಇಲ್ಲದ ನೋವು ಇದಕ್ಕಿಂತ ಕಷ್ಟದ್ದು. 1755ರ ನವೆಂಬರ್ 1ರ ಲಿಸ್ಬನ್ ಭೂಕಂಪ ಯುರೋಪಿನ ಆಸ್ತಿಕರನ್ನು ಅಲ್ಲಾಡಿಸಿದ್ದು ಅದಕ್ಕೇ. 1979ರಲ್ಲಿ ತತ್ತ್ವಜ್ಞ ವಿಲಿಯಂ ರೋ ಒಂದು ಜಿಂಕೆಮರಿಯ ಉದಾಹರಣೆ ಕೊಟ್ಟ. ಕಾಡ್ಗಿಚ್ಚಿನಲ್ಲಿ ಬೆಂದು, ದಿನಗಟ್ಟಲೆ ನರಳಿ, ಯಾರ ಕಣ್ಣಿಗೂ ಬೀಳದೆ ಸಾಯುತ್ತದೆ. ನಾಗರಹೊಳೆಯ ಬೇಸಿಗೆ ಕಂಡವರಿಗೆ ಇದು ದೂರದ ಚಿತ್ರವಲ್ಲ. ಯಾರ ಸ್ವಾತಂತ್ರ್ಯವೂ ಇಲ್ಲ, ಯಾರಿಗೂ ಪಾಠವೂ ಇಲ್ಲ. ದೇವರಿಲ್ಲ ಎಂದು ಇದರಿಂದ ಸಿದ್ಧವಾಗುವುದಿಲ್ಲ, ಆದರೆ ಇರುವ ಸಂಭವ ತಗ್ಗುತ್ತದೆ ಎಂಬುದು ರೋನ ವಾದ. ನಮಗೆ ಕಾರಣ ಕಾಣಲಿಲ್ಲ ಅಂದಮಾತ್ರಕ್ಕೆ ಕಾರಣ ಇಲ್ಲವೆಂದಾಗದು ಎಂದು 1984ರಲ್ಲಿ ಸ್ಟೀಫನ್ ವಿಕ್‌ಸ್ಟ್ರ ಉತ್ತರ ಕೊಟ್ಟ. ಅದು ನಿಲ್ಲುವ ಮಾತೇ. ಆದರೆ ಅದನ್ನು ಹಿಡಿದವರು ‘ಇದು ದೇವರ ಕೃಪೆ’ ಎಂದು ಒಳ್ಳೆಯದಕ್ಕೂ ಬೆರಳು ತೋರಿಸುವಾಗ ಅಷ್ಟೇ ಸಂಕೋಚಪಡಬೇಕಾಗುತ್ತದೆ.

ಮೂರನೇ ಪ್ರಶ್ನೆಗೆ ಬರುತ್ತೇನೆ. ‘ದೇವರಿಗೆ ಗೊತ್ತಿದ್ದರೆ ಅದು ಆಗಿಯೇ ತೀರಬೇಕು.’ ಈ ವಾಕ್ಯಕ್ಕೆ ಎರಡು ಅರ್ಥ. ಗೊತ್ತಿರುವುದಕ್ಕೂ ಆಗುವುದಕ್ಕೂ ಇರುವ ನಂಟು ತಪ್ಪದು ಎಂಬುದು ಒಂದು. ಇದು ನಿಜ, ಸುಳ್ಳನ್ನು ‘ತಿಳಿಯುವುದು’ ಸಾಧ್ಯವಿಲ್ಲವಲ್ಲ. ಆಗುವ ಆ ಸಂಗತಿಯೇ ತಪ್ಪಿಸಲಾಗದ್ದು ಎಂಬುದು ಇನ್ನೊಂದು. ಇದು ಮೊದಲನೆಯದರಿಂದ ಬರುವುದಿಲ್ಲ. ಚಾಮುಂಡಿ ಬೆಟ್ಟದ ಮೇಲೆ ನಿಂತವನಿಗೆ ಕೆಳಗಿನ ರಸ್ತೆಯ ತಿರುವಿನ ಎರಡೂ ಕಡೆ ಕಾಣುತ್ತದೆ. ಅವನು ಕಂಡ ಕಾರಣಕ್ಕೆ ಗಾಡಿ ತಿರುಗುವುದಿಲ್ಲ. ಆರನೇ ಶತಮಾನದ ರೋಮನ್ ತತ್ತ್ವಜ್ಞ ಬೊಯೇಥಿಯಸ್ ಹೇಳಿದ್ದು ಹೆಚ್ಚುಕಡಿಮೆ ಇದೇ: ದೇವರಿಗೆ ಹಿಂದುಮುಂದು ಇಲ್ಲ, ಎಲ್ಲವೂ ಒಟ್ಟಿಗೇ ಎದುರಿಗಿದೆ.

ಇಷ್ಟಕ್ಕೇ ಬಿಟ್ಟರೆ ಜಾಣರು ಹಿಡಿಯುತ್ತಾರೆ. ದೇವರು ಬರೀ ಬೆಟ್ಟದ ಮೇಲೆ ನಿಂತವನಲ್ಲ, ರಸ್ತೆ ಮಾಡಿದವನೂ ಅವನೇ. ಮುಂದೇನಾಗುತ್ತದೆಂದು ತಿಳಿದೂ ಆ ತಿರುವನ್ನು ಅಲ್ಲಿ ಯಾಕಿಟ್ಟ? ಅರಿವಿನ ಪ್ರಶ್ನೆ ಮುಗಿದು ಸೃಷ್ಟಿಯ ಪ್ರಶ್ನೆ ಶುರುವಾಗುವುದು ಇಲ್ಲಿಂದ. ಎರಡನ್ನೂ ಬೆರೆಸಿದರೆ ಗಂಟೆಗಟ್ಟಲೆ ಮಾತಾಡಿದರೂ ಒಂದು ಹೆಜ್ಜೆ ಮುಂದಕ್ಕೆ ಹೋಗದು.

ಮುಸ್ಲಿಂ ಸ್ನೇಹಿತರಿಗೆ ಅನುಮತಿಯ ಮಾತು ಹೊಸದಾಗಿ ಕೇಳಿಸದು. ಹತ್ತನೇ ಶತಮಾನದ ಅಶ್‌ಅರಿಯ ಪಂಥದಲ್ಲಿ ‘ಕಸ್ಬ್’ ಎಂಬ ಕಲ್ಪನೆ ಇದೆ: ಕ್ರಿಯೆಯನ್ನು ಸೃಷ್ಟಿಸುವವನು ಅಲ್ಲಾಹ್, ಅದನ್ನು ತನ್ನದಾಗಿಸಿಕೊಳ್ಳುವವನು ಮನುಷ್ಯ. ರಾಮಾನುಜರ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ. ರಾಮಾನುಜರಲ್ಲಿ ಮೊದಲ ಪ್ರಯತ್ನ ಜೀವದ್ದು, ಇಲ್ಲಿ ಕ್ರಿಯೆಯೇ ದೇವರದು.


ಗೊಮ್ಮಟಗಿರಿ (ಮೈಸೂರು):

ಚಿಕ್ಕ ಮಾತು. ಜೈನ ಸ್ನೇಹಿತರನ್ನು ದೇವರ ಪರ ವಾದಿಸಲು ಕೂರಿಸಬೇಡಿ. ಲೋಕವನ್ನು ಯಾರೂ ಸೃಷ್ಟಿಸಿಲ್ಲ ಎಂಬುದು ಜೈನಮತ. ತೀರ್ಥಂಕರರು ಪೂಜ್ಯರು; ವರ ಕೊಡುವವರಲ್ಲ, ಶಿಕ್ಷಿಸುವವರೂ ಅಲ್ಲ. ಕರ್ಮ ಅಂದರೆ ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ (ಜಡವಸ್ತು). ವಿಷ ಕುಡಿದವನಿಗೆ ಅದು ಏರಲು ನ್ಯಾಯಾಧೀಶ ಬೇಕಿಲ್ಲ, ಹಾಗೆ. ಒಂಬತ್ತನೇ ಶತಮಾನದ ಜಿನಸೇನಾಚಾರ್ಯರು ಸೃಷ್ಟಿಕರ್ತನ ವಾದವನ್ನು ಒಂದೊಂದೇ ಎತ್ತಿ ಖಂಡಿಸಿದ್ದಾರೆ.

ವೇದ ಒಪ್ಪುವವರಲ್ಲೂ ಇದೇ ನಿಲುವಿತ್ತು ಎಂಬುದನ್ನು ಮರೆಯಬೇಡಿ. ವೇದದ ವಿಧಿಗಳನ್ನು ವಿಚಾರ ಮಾಡುವ ಮೀಮಾಂಸಾ ಪಂಥದ ಕುಮಾರಿಲಭಟ್ಟರ ಪ್ರಶ್ನೆ: ಕರುಣೆಯಿಂದ ಸೃಷ್ಟಿಸಿದ ಅನ್ನುತ್ತೀರಿ, ಸೃಷ್ಟಿಗೆ ಮೊದಲು ಕರುಣೆ ತೋರಲು ಯಾರಿದ್ದರು? ಕರುಣೆಯೇ ಕಾರಣವಾದರೆ ಸುಖವನ್ನಷ್ಟೇ ಸೃಷ್ಟಿಸಬೇಕಿತ್ತಲ್ಲ?

ಎದುರಿನಿಂದ ನೈಯಾಯಿಕ (ನ್ಯಾಯ ಎಂಬ ತರ್ಕದ ಪಂಥದ) ಉದಯನರು ಕೇಳುವುದನ್ನೂ ನ್ಯಾಯವಾಗಿ ಹೇಳಬೇಕು. ಕೊಡಲಿ ತಾನಾಗಿ ಮರ ಕಡಿಯದು. ಅರಿವಿಲ್ಲದ ಅದೃಷ್ಟ (ಕರ್ಮ ಉಳಿಸಿಹೋಗುವ ಕಾಣದ ಶಕ್ತಿ), ಮಾಡಿದವನನ್ನೇ ಹುಡುಕಿಕೊಂಡು ಹೋಗಿ ಫಲ ಕೊಡುವುದು ಹೇಗೆ? ಇದಕ್ಕೆ ಜೈನರ ಉತ್ತರ, ಕರ್ಮ ಹುಡುಕಿಕೊಂಡು ಹೋಗಬೇಕಾಗಿಲ್ಲ, ಜೀವಕ್ಕೇ ಅಂಟಿಕೊಂಡಿದೆ ಎಂಬುದು.

ಬೌದ್ಧರದ್ದು ಒಂದು ಸೇರಿಸುತ್ತೇನೆ, ನಿಮ್ಮ ಮೊದಲ ಪ್ರಶ್ನೆಗೆ ನೇರ ಸಂಬಂಧ ಇರುವುದರಿಂದ. ಸಂಯುತ್ತನಿಕಾಯದಲ್ಲಿ ಸೀವಕ ಎಂಬುವನು, ಅನುಭವಿಸುವುದೆಲ್ಲ ಹಿಂದಿನ ಕರ್ಮದ್ದೇ ಎನ್ನುವವರ ಬಗ್ಗೆ ಬುದ್ಧನನ್ನು ಕೇಳುತ್ತಾನೆ. ಬುದ್ಧ ನೋವಿಗೆ ಎಂಟು ಕಾರಣ ಎಣಿಸುತ್ತಾನೆ: ಪಿತ್ತ, ಕಫ, ವಾತ, ಮೂರೂ ಕೂಡಿದ್ದು, ಋತು ಬದಲಾದದ್ದು, ಮೈಯನ್ನು ಸರಿಯಾಗಿ ನೋಡಿಕೊಳ್ಳದ್ದು, ಪೆಟ್ಟು, ಕರ್ಮ. ಎಂಟರಲ್ಲಿ ಕೊನೆಯದು ಕರ್ಮ.


ನಾಲೆಏರಿ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ಜಂಟಿ ಖಾತೆಯ ಹೋಲಿಕೆ ಚೆನ್ನಾಗಿ ಹಿಡಿಯಿತು. ಆದರೆ ಅಲ್ಲೇ ಒಂದು ಸಂಶಯ. ತಮ್ಮ ಜಮೀನನ್ನು ಮೋಸಗಾರನಿಗೆ ಮಾರಲು ಹೊರಟಿದ್ದಾನೆ, ಅಣ್ಣನಿಗೆ ಅದು ಗೊತ್ತು, ಆದರೂ ಸಹಿ ಹಾಕಿದ. ನಮ್ಮೂರಲ್ಲಿ ಅಂಥ ಅಣ್ಣನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ಸಹಿ ಹಾಕದೆ ಇರಬಹುದಿತ್ತಲ್ಲ?

ಮಾಧ್ವರ ನಿಲುವನ್ನೂ ಬಲ್ಲವರು ಯಾರಾದರೂ ಹೇಳಿ.


ಯದುಗಿರಿ (ಮೇಲುಕೋಟೆ):

ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದೀರಿ. ಕೆಟ್ಟದ್ದಕ್ಕೆ ಒಂದು ಸಲವೂ ಸಹಿ ಸಿಗದು ಎಂದಾದರೆ ಕೆಟ್ಟದ್ದನ್ನು ಮಾಡಬೇಡ ಎಂಬ ನಿಷೇಧಕ್ಕೆ ಅರ್ಥ ಉಳಿಯುವುದಿಲ್ಲ. ಮಾಡಲಾಗದ್ದನ್ನು ಯಾರೂ ನಿಷೇಧಿಸುವುದಿಲ್ಲ. ಅನುಮತಿ ಸಾಮಾನ್ಯವಾಗಿ ಯಾಕಿರಬೇಕು ಎಂಬುದಕ್ಕೆ ಇದು ಉತ್ತರ. ಈ ಒಂದು ಸಲ, ಈ ಒಂದು ಮಗುವಿನ ವಿಷಯದಲ್ಲಿ ಯಾಕೆ ತಡೆಯಲಿಲ್ಲ ಎಂಬುದಕ್ಕೆ ಉತ್ತರವಲ್ಲ. ಭಾಷ್ಯ ಆ ಮಟ್ಟದ ವಿವರಣೆಗೆ ಇಳಿಯುವುದೂ ಇಲ್ಲ.

ನಮ್ಮ ಪುರಾಣಗಳು ಈ ಪ್ರಶ್ನೆಯನ್ನು ಇನ್ನೂ ಹರಿತ ಮಾಡುತ್ತವೆ. ಎಂದೂ ಅಡ್ಡ ಬರದ ದೇವರಾಗಿದ್ದರೆ ‘ಅವನ ನಿಯಮವೇ ಹಾಗೆ’ ಎಂದು ಮುಗಿಸಬಹುದಿತ್ತು. ಆದರೆ ಗಜೇಂದ್ರ ಕೂಗಿದಾಗ ಓಡಿ ಬಂದ, ಪ್ರಹ್ಲಾದನಿಗಾಗಿ ಕಂಬ ಒಡೆದು ಬಂದ. ಅಲ್ಲಿಗೆ ಬಂದವನು ಇಲ್ಲಿಗೆ ಯಾಕೆ ಬರಲಿಲ್ಲ? ಈ ಪ್ರಶ್ನೆ ಕೇಳುವವರನ್ನು ನಾಸ್ತಿಕರು ಎನ್ನಬೇಡಿ. ಬರುತ್ತಾನೆಂದು ನಂಬಿದವರಷ್ಟೇ ಇದನ್ನು ಕೇಳಬಲ್ಲರು.

ಶ್ರೀವೈಷ್ಣವರೊಳಗೇ ಇಲ್ಲಿ ಕವಲಿದೆ. ಮರಿಕೋತಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ತಬ್ಬಿಕೊಳ್ಳುತ್ತದೆ; ಜೀವದ ಕಡೆಯಿಂದ ಅಷ್ಟಾದರೂ ಬೇಕು ಎಂಬುದು ವಡಗಲೆಯವರ ಮಾತು. ನಿಮ್ಮ ಪಕ್ಕದ ಮೈಸೂರಿನ ಪರಕಾಲ ಮಠ ಈ ಪರಂಪರೆಯದು. ಬೆಕ್ಕಿನ ಮರಿ ಏನೂ ಮಾಡದು, ತಾಯಿಯೇ ಕಚ್ಚಿ ಎತ್ತಿಕೊಳ್ಳುತ್ತದೆ ಎಂಬುದು ತೆಂಗಲೆಯವರ ಮಾತು. ಕೋತಿಯ ಕಡೆ ನಿಂತರೆ ಸ್ವಾತಂತ್ರ್ಯ ಉಳಿಯುತ್ತದೆ, ಕೈ ಜಾರಿದ ಮರಿಯ ಗತಿಯೇನು ಎಂಬ ಪ್ರಶ್ನೆ ಏಳುತ್ತದೆ. ಬೆಕ್ಕಿನ ಕಡೆ ನಿಂತರೆ ಕರುಣೆ ಉಳಿಯುತ್ತದೆ, ಎತ್ತಿಕೊಳ್ಳದೆ ಬಿಟ್ಟ ಮರಿಗಳು ಕಣ್ಣಿಗೆ ಕಟ್ಟುತ್ತವೆ.


ಅಗ್ರಹಾರ (ಮೈಸೂರು):

ಮಾಧ್ವರ ಕಡೆಯದು ನಾನು ಹೇಳುತ್ತೇನೆ. ಬ್ರಹ್ಮಸೂತ್ರದ ಅದೇ ಎರಡನೇ ಅಧ್ಯಾಯದ ಮೂರನೇ ಪಾದದ ‘ಯಥಾ ಚ ತಕ್ಷೋಭಯಥಾ’ ಸೂತ್ರ ಹಿಡಿಯಿರಿ. ತಕ್ಷ ಅಂದರೆ ಬಡಗಿ. ಶಂಕರರ ಪ್ರಕಾರ ಬಡಗಿ ಉಳಿ, ಬಾಚಿ ಹಿಡಿದಾಗ ಕರ್ತೃ, ಅವನ್ನು ಕೆಳಗಿಟ್ಟು ಮನೆಗೆ ಬಂದಾಗ ನೆಮ್ಮದಿಯಾಗಿದ್ದಾನೆ. ಜೀವದ ಕರ್ತೃತ್ವವೂ ಉಪಾಧಿ (ದೇಹ, ಬುದ್ಧಿಯಂಥ ಹೊರಗಿನ ಸಲಕರಣೆ) ಇರುವಷ್ಟು ಹೊತ್ತು. ಆಚಾರ್ಯ ಮಧ್ವರು ಅದೇ ಬಡಗಿಯನ್ನು ಬೇರೆ ಕಡೆಯಿಂದ ನೋಡುತ್ತಾರೆ. ಅವನು ಕೆಲಸ ಮಾಡಿಸುವವನ ಅಧೀನ, ಆದರೂ ಕೆತ್ತುವವನು ಅವನೇ. ಜೀವ ಕರ್ತೃ ಹೌದು, ಸ್ವತಂತ್ರ ಅಲ್ಲ. ಒಂದೇ ಸೂತ್ರದ ಈ ಎರಡು ಓದು ಬಳಗದಲ್ಲಿ ತುಂಬ ಪ್ರಯೋಜನಕ್ಕೆ ಬರುತ್ತದೆ.

ಕರ್ಮವನ್ನು ನೋಡಿಕೊಂಡು ಸೃಷ್ಟಿಸಬೇಕಾದರೆ ದೇವರೇ ಕರ್ಮಕ್ಕೆ ಅಧೀನನಾಗಲಿಲ್ಲವೇ? ಮಾಧ್ವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ದ್ರವ್ಯ, ಕರ್ಮ, ಕಾಲ, ಸ್ವಭಾವ, ಜೀವ ಇವೆಲ್ಲ ಇರುವುದೇ ಅವನ ಅನುಗ್ರಹದಿಂದ, ಅವನು ಉಪೇಕ್ಷಿಸಿದರೆ ಇಲ್ಲ ಎಂಬ ಭಾಗವತದ ಶ್ಲೋಕ (2.10.12) ಉತ್ತರದ ಆಧಾರ. ಕರ್ಮವನ್ನು ನೋಡುತ್ತಾನೆ, ಆದರೆ ಆ ಕರ್ಮದ ಇರವೇ ಅವನ ಕೈಯಲ್ಲಿದೆ.

ಕರ್ಮಕ್ಕಿಂತ ಹಿಂದೆ ಸ್ವಭಾವ ಇದೆ ಎಂಬುದು ಇಲ್ಲಿಯ ವಿಶೇಷ. ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು (ಸದಾ ಹುಟ್ಟುಸಾವಿನಲ್ಲೇ ಇರುವವರು), ತಮೋಯೋಗ್ಯರು (ಕೊನೆಗೆ ಕತ್ತಲಿಗೇ ಸಲ್ಲುವವರು) ಎಂದು ಮೂರು ಬಗೆ. ಸ್ವಭಾವವನ್ನು ದೇವರು ಹೊಸದಾಗಿ ಮಾಡುವುದಿಲ್ಲ, ಇದ್ದದ್ದನ್ನು ಅರಳಿಸುತ್ತಾನೆ. ಬೇವಿಗೆ ಎಷ್ಟು ನೀರು ಹಾಕಿದರೂ ಮಾವಾಗದು. ಯದುಗಿರಿಯವರು ಅನಾದಿತ್ವದ ಬಗ್ಗೆ ‘ಒಂದು ಎಳೆ ಉಳಿಯುತ್ತದೆ’ ಅಂದರಲ್ಲ, ಸರಪಳಿ ಹೀಗೇ ಯಾಕೆ ಸಾಗಿತು ಎಂಬುದಕ್ಕೆ ಉತ್ತರ ಕೊಡುವ ಧೈರ್ಯ ಈ ಮತಕ್ಕಿದೆ. ಅದಕ್ಕೆ ತೆರುವ ಬೆಲೆಯೂ ದೊಡ್ಡದು. ಎಂದೂ ಬಿಡುಗಡೆಯಿಲ್ಲದ ಜೀವರಿದ್ದಾರೆ ಎಂದು ಒಪ್ಪಬೇಕು. ಅಲ್ಲಿ ವೈಷಮ್ಯದ ದೂರು ಪೂರ್ತಿ ಕಳೆಯುತ್ತದೆ, ನೈರ್ಘೃಣ್ಯದ ದೂರು ಮಾತ್ರ ಉಳಿದವರಿಗಿಂತ ಜೋರಾಗಿ ಕೇಳಿಸುತ್ತದೆ. ಮಾಧ್ವ ಸ್ನೇಹಿತರು ಇದನ್ನು ಬಚ್ಚಿಡದೆ ಹೇಳಿದರೆ ಚರ್ಚೆಗೆ ಒಳ್ಳೆಯದು.

ಸ್ಮಾರ್ತರಿಗೊಂದು ಮಾತು. ‘ಪರಮಾರ್ಥದಲ್ಲಿ (ಕಟ್ಟಕಡೆಯ ಸತ್ಯದಲ್ಲಿ) ದುಃಖವೇ ಇಲ್ಲ’ ಎಂಬ ವಾಕ್ಯವನ್ನು ವ್ಯವಹಾರದ, ಅಂದರೆ ದಿನದಿನದ ಬದುಕಿನ, ನೋವಿನ ಮೇಲೆ ಹೊದಿಸಬಾರದು. ಶಂಕರರೇ ಹಾಗೆ ಮಾಡಲಿಲ್ಲ. ವ್ಯವಹಾರದಲ್ಲಿ ಎದ್ದ ಪ್ರಶ್ನೆಗೆ ಮಳೆ, ಬೀಜ, ಕರ್ಮ ಎಂದು ವ್ಯವಹಾರದಲ್ಲೇ ಉತ್ತರ ಕೊಟ್ಟರು.


ಒಂಟಿಕೊಪ್ಪಲು (ಮೈಸೂರು):

ತೊಂಬತ್ತು ನಿಮಿಷಕ್ಕೆ ಇಷ್ಟೂ ಹಿಡಿಸದು. ಒಂದು ಹಾಳೆಯ ಒಂದು ಬದಿಗೆ ಐದು ವಾಕ್ಯ, ಕೆಳಗೆ ನಾಲ್ಕೇ ಸೂತ್ರ (ವೈಷಮ್ಯ, ಪರಾತ್ತು, ಕೃತಪ್ರಯತ್ನ, ಯಥಾ ಚ ತಕ್ಷ) ಅರ್ಥದ ಸಮೇತ ಬರೆದು ಹನ್ನೆರಡು ಪ್ರತಿ ಮಾಡಿಸಿ. ಮೊದಲ ಹದಿನೈದು ನಿಮಿಷ ಐದು ವಾಕ್ಯಕ್ಕೆ, ಯಾರೂ ಉತ್ತರ ಕೊಡುವುದು ಬೇಡ, ಅರ್ಥವಾಗದ್ದನ್ನು ಕೇಳಲಿ ಅಷ್ಟೇ. ಆಮೇಲೆ ಒಬ್ಬೊಬ್ಬರು ಮೂರು ಮೂರು ನಿಮಿಷದಲ್ಲಿ ತಮ್ಮ ಮತ ಯಾವ ವಾಕ್ಯವನ್ನು ಸಡಿಲಿಸುತ್ತದೆ ಎಂದು ಹೇಳಲಿ. ಇದಕ್ಕೇ ಮೂವತ್ತಾರು ನಿಮಿಷ ಹಿಡಿಯುತ್ತದೆ. ಮಿಕ್ಕದ್ದು ವಾದಕ್ಕೆ. ಮುನ್ನರಿವಿನ ಪ್ರಶ್ನೆಯನ್ನು ಸಮಯ ಉಳಿದರೆ ಮಾತ್ರ ತೆಗೆಯಿರಿ, ಅದು ತನ್ನಷ್ಟಕ್ಕೇ ಒಂದು ಸಂಜೆಯ ವಿಷಯ.

ಉದಾಹರಣೆಗೆ ಜಿಂಕೆಮರಿಯನ್ನು ಇಟ್ಟುಕೊಳ್ಳಿ. ನಾಲೆಯ ದುರಂತವನ್ನು ನೀವಾಗಿ ಎತ್ತಬೇಡಿ. ಹನ್ನೆರಡು ಜನರಲ್ಲಿ ಯಾರ ಮನೆಯಲ್ಲಿ ಏನಾಗಿದೆಯೋ ಗೊತ್ತಿಲ್ಲ. ಸಾಧ್ಯವಾದರೆ ಶುಕ್ರವಾರವೇ ಒಬ್ಬೊಬ್ಬರಿಗೂ ಫೋನ್ ಮಾಡಿ ವಿಷಯ ಇದು ಎಂದು ತಿಳಿಸಿ, ಬರುವುದು ಬಿಡುವುದು ಅವರಿಗೆ ಬಿಡಿ. ಅಲ್ಲಿ ಯಾರಾದರೂ ತಮ್ಮ ಮನೆಯ ಸಾವಿನ ಮಾತು ತೆಗೆದರೆ ಹಾಳೆ ಮಡಚಿಡಿ. ಆಗ ಅವರು ಕೇಳುತ್ತಿರುವುದು ಐದು ವಾಕ್ಯಗಳ ಪ್ರಶ್ನೆಯಲ್ಲ, ಯಾವ ಸೂತ್ರವೂ ಅದಕ್ಕೆಂದು ಬರೆದದ್ದಲ್ಲ. ‘ಕರ್ಮ’ ಎಂದು ಯಾರಾದರೂ ಬಾಯಿ ಹಾಕಿದರೆ ಯದುಗಿರಿಯವರ ‘ವಿಹಿತ ವ್ಯರ್ಥ’ದ ಮಾತನ್ನು ಅಲ್ಲೇ ವಾದಕ್ಕಿಳಿಸಬೇಡಿ, ನೊಂದವರು ಎದ್ದು ಹೋದ ಮೇಲೆ, ಆಡಿದವರಿಗೆ ಬೇರೆಯಾಗಿ ಹೇಳಿ.


ನಾಲೆಏರಿ (ಮಂಡ್ಯ):

ಹಾಳೆ ಸಿದ್ಧ ಮಾಡುತ್ತಿದ್ದೇನೆ. ಫೋನ್ ಮಾಡುವುದನ್ನು ಶುಕ್ರವಾರಕ್ಕೆ ಬಿಡದೆ ಗುರುವಾರವೇ ಮುಗಿಸುತ್ತೇನೆ. ಯದುಗಿರಿಯವರೇ, ಕೌಷೀತಕಿ ವಾಕ್ಯದ ಮೂಲಪಾಠವನ್ನು ಇಲ್ಲೇ ಹಾಕಿದರೆ ಹಾಳೆಗೆ ಸೇರಿಸುತ್ತೇನೆ.


ಯದುಗಿರಿ (ಮೇಲುಕೋಟೆ):

‘ಏಷ ಹ್ಯೇವ ಸಾಧು ಕರ್ಮ ಕಾರಯತಿ ತಂ ಯಮೇಭ್ಯೋ ಲೋಕೇಭ್ಯ ಉನ್ನಿನೀಷತೇ’ ಎಂದು ಶುರುವಾಗುತ್ತದೆ, ಮೂರನೇ ಅಧ್ಯಾಯದ ಕೊನೆಯ ಭಾಗದಲ್ಲಿದೆ. ಇದನ್ನು ಒಂಟಿಯಾಗಿ ಹಾಕಬೇಡಿ. ಪಕ್ಕದಲ್ಲೇ ‘ಕೃತಪ್ರಯತ್ನ’ ಸೂತ್ರ ಇರಲಿ.